ಅತ್ತೆಯ ಜಗ್ಗಿನ ತವರಿಗೆ

ಹೊನ್ನಾಳಿ

ನಮ್ಮ ಮನೆಯ ಬೆಕ್ಕಿಗೆ ಮಾಡಿದ ಅನ್ಯಾಯವನ್ನು ಸರಿಪಡಿಸಲು ನಾನು ಜರ್ಮನಿಗೆ ಹೋದೆ ಅಂದರೆ ಯಾರೂ ನಂಬುವುದಿಲ್ಲ. ಕಾಗದಪತ್ರದ ಪ್ರಕಾರ ನಾನು ಹೋದದ್ದು ಸಿಮೆಂಟಿನ ದೆಸೆಯಿಂದ. ನಮ್ಮವರದು ಹೊನ್ನಾಳಿಯಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ. ಹೆಚ್ಚು ಮಾಲು ಮಾರಿದ ಡೀಲರುಗಳನ್ನು ಕಂಪನಿಯವರು ಹೆಂಡತಿ ಸಮೇತ ವಿದೇಶಕ್ಕೆ ಕರೆದೊಯ್ಯುವ ಪದ್ಧತಿಯಿದೆ. ಊರಿನ ಜನ ಮನೆ ಕಟ್ಟಿಸಿ ಸುಸ್ತಾದರು, ನಾವು ವಿಮಾನ ಹತ್ತಿದೆವು. ಹಿಂದೊಮ್ಮೆ ಬ್ಯಾಂಕಾಕ್ ಅಂದಾಗ ನಾನು ಒಲ್ಲೆ ಅಂದಿದ್ದೆ. ಈ ಸಲ ಜರ್ಮನಿ ಅಂದ ಕೂಡಲೇ, ನಮ್ಮವರು ಮಾತು ಮುಗಿಸುವ ಮೊದಲೇ ಹೂಂ ಅಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ಅತ್ತೆಗೆ ಅಂಥದೇ ಜಗ್ಗು ತರಬೇಕು” ಅಂದೆ. ಅದು ಅರ್ಧ ಕಾರಣ.

ಪೂರ್ತಿ ಕಾರಣ ಹೇಳುತ್ತೇನೆ. ಆ ಜಗ್ಗು ಬೂದು ಬಣ್ಣದ್ದು, ಮಣ್ಣಿನದಾದರೂ ಕಲ್ಲಿನಷ್ಟು ಗಟ್ಟಿ. ದಿನ ತುಂಬಿದ ಬಸುರಿಯ ಹಾಗೆ ಮುಂದೆ ಬಂದ ಹೊಟ್ಟೆ, ಹೊಟ್ಟೆಯ ಮೇಲೆ ನೀಲಿ ಹೂಬಳ್ಳಿ. ನಮ್ಮ ಅತ್ತೆ ಮದುವೆಯಾಗಿ ಬಂದ ವರ್ಷ ಅವರ ಮಾವ ಅದನ್ನು ತಂದರಂತೆ. ಎಲ್ಲೋ ಕಾರ್ಖಾನೆ ಕೂಡಿಸಲು ಬಂದಿದ್ದ ಬಿಳಿಯ ಇಂಜಿನಿಯರೊಬ್ಬ ತನ್ನ ದೇಶಕ್ಕೆ ಮರಳುವಾಗ ಮಾರಿದ ಸಾಮಾನಿನಲ್ಲಿ ಸಿಕ್ಕಿದ್ದು. ತಳದಲ್ಲಿ ಜರ್ಮನಿ ಎಂದು ಇಂಗ್ಲಿಷಿನಲ್ಲಿ ಒತ್ತಿದ್ದರು. ಅರವತ್ತು ವರ್ಷ ಅದರ ನೀರು ನಮ್ಮ ಮನೆಯಲ್ಲಿ ಮೊದಲು ಲಿಂಗಪೂಜೆಗೆ, ಆಮೇಲೆ ಊಟಕ್ಕೆ. ಸ್ವಾಮಿಗಳು ಮನೆಗೆ ಬಂದರೂ ಅದರಲ್ಲೇ ನೀರು. ನಮ್ಮವರು ಊಟದ ಮೇಜು ತಂದ ಮೇಲೆ ಜಗ್ಗು ಅದರ ನಡುವೆ ಕೂತಿತು. ಅತ್ತೆ ಕುರ್ಚಿಯ ಮೇಲೆ ಒಂದು ಕಾಲು ಮಡಿಚಿ ಕೂತು, ನೆಲದ ಮೇಲೆ ಕೂತಷ್ಟೇ ನೆಮ್ಮದಿಯಿಂದ ಅದರ ನೀರು ಕುಡಿಯುತ್ತಿದ್ದರು.

ಎರಡು ವರ್ಷದ ಹಿಂದೆ, ಶ್ರಾವಣದ ಒಂದು ಸೋಮವಾರ, ತೊಳೆಯುವಾಗ ಅದು ನನ್ನ ಸೋಪಿನ ಕೈಯಿಂದ ಜಾರಿ ಬಚ್ಚಲ ಕಲ್ಲಿನ ಮೇಲೆ ಬಿತ್ತು. ಪೂಜೆಗೆ ಕೂತಿದ್ದ ಅತ್ತೆ ಒಳಗಿಂದ ಕೂಗಿದರು.

“ಏನವ್ವಾ ಅದು ಸದ್ದು?”

ಬೆಕ್ಕು ಪಾಪ ಅಲ್ಲೇ ಕೂತಿತ್ತು.

“ಬೆಕ್ಕು, ಅತ್ತೆ.”

ಕೊರಳಲ್ಲಿ ಲಿಂಗ, ಹಣೆಯ ಮೇಲೆ ಮೂರು ಬೆರಳು ವಿಭೂತಿ, ಮೇಲೆ ಸೋಮವಾರ. ಎರಡೇ ಮಾತಿನಲ್ಲಿ ಸುಳ್ಳು ಹೇಳಿ ಮುಗಿಸಿದೆ. ಚೂರುಗಳನ್ನು ಎಸೆಯಲು ಮನಸ್ಸಾಗದೆ ಹಳೆ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ ಅಕ್ಕಿ ಡ್ರಮ್ಮಿನ ಹಿಂದೆ ಇಟ್ಟೆ. ಅತ್ತೆ ಅವತ್ತಿನಿಂದ ಬೆಕ್ಕಿಗೆ ಹಾಲು ನಿಲ್ಲಿಸಿದರು. ಪ್ರತಿ ಊಟಕ್ಕೂ ಸ್ಟೀಲ್ ಜಗ್ಗಿನಿಂದ ನೀರು ಬಗ್ಗಿಸಿಕೊಂಡು, “ಆ ಜಗ್ಗಿನ ನೀರೇ ಬ್ಯಾರೆ. ಹಾಳು ಬೆಕ್ಕು” ಅನ್ನುವರು. ಬೆಕ್ಕು ಕಿಟಕಿಯಲ್ಲಿ ಕೂತು ಅವರನ್ನಲ್ಲ, ನನ್ನನ್ನು ನೋಡುತ್ತಿತ್ತು. ಹಾಲು ನಿಂತರೂ ಅದು ದಪ್ಪವಾಗುತ್ತಲೇ ಹೋಯಿತು. ಇದೂ ಶಿವನ ದಯೆ ಅಂದುಕೊಂಡೆ.

ಬರಿಗೈಯಲ್ಲಿ ನಿಜ ಹೇಳುವ ಧೈರ್ಯ ನನಗಿರಲಿಲ್ಲ. ಅಂಥದೇ ಜಗ್ಗು ತಂದು ಅತ್ತೆಯ ಮುಂದಿಟ್ಟು ಆಮೇಲೆ ಹೇಳಬೇಕು ಅಂತ ಲೆಕ್ಕ ಹಾಕಿದೆ. ಸೀರೆಗೆ ಹೊಂದುವ ಬ್ಲೌಸ್ ಪೀಸು ತರಲು ದಾವಣಗೆರೆಗೆ ಹೋಗುವಾಗ ಸೆರಗಿನ ಚೂರು ಒಯ್ಯುತ್ತೇವಲ್ಲ, ಹಾಗೆ ನೀಲಿ ಹೂವಿದ್ದ ಒಂದು ಚೂರನ್ನು ಕರ್ಚೀಫಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ. ವಿಮಾನ ನಿಲ್ದಾಣದಲ್ಲಿ ತಪಾಸಣೆಯವರು ಅದನ್ನು ಎತ್ತಿ ಹಿಡಿದು ಇದೇನು ಅಂತ ಕೇಳಿದರು. ನನಗಿಂತ ಮೊದಲು ನಮ್ಮವರೇ ಹೇಳಿದರು: “ಹಳೇ ಜಗ್ಗಿಂದು ಸರ್. ನಮ್ಮನೆ ಬೆಕ್ಕು ಒಡೀತು.” ಅವರು ನಕ್ಕು ಬಿಟ್ಟುಕೊಟ್ಟರು. ಹೀಗೆ ನನ್ನ ಸುಳ್ಳು ನನಗಿಂತ ಮುಂಚೆ ವಿಮಾನ ಹತ್ತಿತು.

ನಾಲ್ಕು ತಾಲೂಕು, ಒಂದು ವಿಮಾನ

ಹೊನ್ನಾಳಿಯಿಂದ ನಾವಿಬ್ಬರು. ಚನ್ನಗಿರಿಯಿಂದ ಶಾರದಕ್ಕ ಮತ್ತು ಅವರ ಯಜಮಾನರು. ಜಗಳೂರಿನ ಡೀಲರು ಮತ್ತು ಅವರ ಹೆಂಡತಿ ಬಸಮ್ಮ. ಆಕೆಯ ತವರು ಬಿಳಿಚೋಡು, ಕೊಡ ಹಿಡಿದು ನೀರಿಗೆ ಕಾಯುವ ಸೀಮೆ. ನ್ಯಾಮತಿಯಿಂದ ರುದ್ರಣ್ಣ ಒಬ್ಬರೇ. ಅವರ ಹೆಂಡತಿಗೆ ವೀಸಾ ಸಿಗಲಿಲ್ಲ. ಆಕೆ ಕುಟ್ಟಿಕೊಟ್ಟ ಶೇಂಗಾ ಚಟ್ನಿಪುಡಿಗೆ ವೀಸಾ ಬೇಕಾಗಲಿಲ್ಲ. ಅಷ್ಟೂ ದಿನ ನಮ್ಮನ್ನು ಸಾಕಿದ್ದು ಆ ಪುಡಿ. ನೋಡದ ಆ ತಾಯಿಗೆ ಮೂರು ಹೊತ್ತೂ ಕೈಮುಗಿದಿದ್ದೇನೆ.

ಶಾರದಕ್ಕನಿಗೆ ಜರ್ಮನಿಯ ಹಳೆಯ ಜಗ್ಗುಗಳನ್ನು ಕೂಡಿಹಾಕುವ ಹುಚ್ಚು. ಅವರ ಊಟದ ಮೇಜಿಗೆ ಎಂಟು ಕುರ್ಚಿ, ಮೇಜಿನ ಮೇಲೂ ಪಕ್ಕದ ಗಾಜಿನ ಕಪಾಟಿನಲ್ಲೂ ಹದಿನಾಲ್ಕು ಜಗ್ಗು, ಉಣ್ಣುವವರು ಇಬ್ಬರು. ಮುಚ್ಚಳ ಇರುವವು, ಇಲ್ಲದವು, ಗಡ್ಡದ ಮುಖದವು, ಕೋಟೆ ಕೊತ್ತಲದವು. ವಿಮಾನ ಮೇಲೆದ್ದ ಕೂಡಲೇ ನನಗೆ ಪಾಠ ಶುರುಮಾಡಿದರು.

“ಗಿರಿಜಕ್ಕ, ಜಗ್ಗು ಅಂದ್ರೆ ಮೊದ್ಲು ಮಗುಚಿ ತಳ ನೋಡ್ಬೇಕ್ರಿ. ಯಾರು ಮಾಡಿದ್ದು, ಯಾವ ಕಾಲದ್ದು, ಎಲ್ಲ ಅಲ್ಲೇ ಒತ್ತಿರ್ತಾರೆ. ಆಮ್ಯಾಲೆ ಬಾಯಿ ಸುತ್ತ ಉಗುರು ಆಡ್ಸಬೇಕು. ಎಲ್ಲಿ ತಡೀತೈತೋ ಅಲ್ಲಿ ಬಿರುಕು ಐತೆ ಅಂತ.”

“ನೀರು ಹಾಕಿ ನೋಡೋದು ಬ್ಯಾಡವ?”

“ನೀರು ಯಾಕೆ ಹಾಕ್ತೀರಿ? ಕಲೆ ಬೀಳ್ತೈತೆ.”

ಹಿಂದಿನ ಸೀಟಿನಿಂದ ಬಸಮ್ಮ ತಲೆ ತೂರಿಸಿದರು. “ನೀರು ಹಾಕದ ಜಗ್ಗು ಯಾತಕ್ಕೆ ಶಾರದಕ್ಕ?”

“ನೋಡಾಕೆ, ಬಸಮ್ಮ.”

“ಯಾರು ನೋಡ್ತಾರೆ?”

ಶಾರದಕ್ಕ ಕಿವಿಗೆ ವಿಮಾನದವರು ಕೊಟ್ಟ ವೈರು ಸಿಗಿಸಿಕೊಂಡರು.

ಫ್ರಾಂಕ್‌ಫರ್ಟ್: ನೀರಿಲ್ಲದ ಮೇಜು

ಕೋಣೆಯಲ್ಲಿ ಊದುಬತ್ತಿ ಹಚ್ಚಿದರೆ ತಾನಾಗಿ ಗಂಟೆ ಹೊಡೆದುಕೊಂಡು ಬೆಂಕಿ ಆರಿಸುವವರು ಬರುತ್ತಾರೆ ಅಂತ ಗೈಡ್ ಮೇಡಂ ಮೊದಲೇ ಹೆದರಿಸಿದರು. ಪುಣೆಯ ಹೆಣ್ಣುಮಗಳು, ಹಿಂದಿಯಲ್ಲಿ ಮಾತು. ನನಗೆ ಧಾರಾವಾಹಿ ನೋಡಿ ಕಲಿತಷ್ಟು ಹಿಂದಿ ಬರುತ್ತದೆ. ಅತ್ತೆ ಸೊಸೆ ಜಗಳದ್ದಾದರೆ ಪೂರ್ತಿ ತಿಳಿಯುತ್ತದೆ. ಊದುಬತ್ತಿ ಬಿಟ್ಟೆ. ಅಂಗೈ ಮೇಲೆ ಲಿಂಗ ಇಟ್ಟುಕೊಂಡು ಕಿಟಕಿಯ ಕಡೆ ಮುಖ ಮಾಡಿ ಕೂತರೆ ಎದುರಿನ ಕಟ್ಟಡದಲ್ಲಿ ಒಬ್ಬ ಅಜ್ಜ ಕಾಫಿ ಕುಡಿಯುತ್ತಾ ನನ್ನ ಪೂಜೆ ಮುಗಿಯುವವರೆಗೂ ನೋಡುತ್ತಿದ್ದ. ಮೂರನೇ ದಿನ ತಲೆ ಬಾಗಿಸಿದ. ನಾನೂ ಬಾಗಿಸಿದೆ. ಅವನು ಯಾವ ದೇವರಿಗೆ ಬಾಗಿಸಿದನೋ, ಸೇರಬೇಕಾದಲ್ಲಿ ಸೇರಿರುತ್ತದೆ.

ಅಲ್ಲಿನ ಜನ ಒಂದು ಗಾಡಿಯೂ ಬಾರದ ರಸ್ತೆಯ ಅಂಚಿನಲ್ಲಿ, ಕೆಂಪು ದೀಪ ಹಸಿರಾಗುವವರೆಗೆ ಕೈಕಟ್ಟಿ ನಿಲ್ಲುತ್ತಾರೆ. ನಾವು ಏಳು ಜನ ಮೊದಲ ದಿನ ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ದಾಟಿದ ಹಾಗೆ ದಾಟಿಬಿಟ್ಟೆವು. ಯಾರೂ ಬೈಯಲಿಲ್ಲ. ಬರೀ ನೋಡಿದರು. ಅತ್ತೆಯ ನೋಟ ಗೊತ್ತಿದ್ದವಳಿಗೆ ಅದು ಸಾಕು. ಮರುದಿನದಿಂದ ನಾನೂ ನಿಂತೆ.

ಎಲ್ಲ ಸಹಿಸಿಕೊಂಡೆ, ಒಂದು ಬಿಟ್ಟು. ಆ ಊರಿನಲ್ಲಿ ಊಟಕ್ಕೆ ಕೂತವರ ಮುಂದೆ ನೀರು ಇಡುವುದಿಲ್ಲ. ನಮ್ಮ ಕಡೆ ಖಾನಾವಳಿ ಎಷ್ಟೇ ಸಣ್ಣದಿರಲಿ, ಮೇಜಿನ ಮೇಲೆ ಒಂದು ಜಗ್ಗು ನೀರು ಇದ್ದೇ ಇರುತ್ತದೆ. ಅದು ಯಾರದೂ ಅಲ್ಲ, ಎಲ್ಲರದು. ಪಕ್ಕದ ಮೇಜಿನದಾದರೂ ಕೈಚಾಚಿ ತಗೊಳ್ಳುತ್ತೇವೆ. ಇಲ್ಲಿ ಕೇಳಬೇಕು, ಕೇಳಿದರೆ ಬಾಟಲಿ, ಬಾಟಲಿ ತೆರೆದರೆ ಬುಸ್ ಅನ್ನುವ ಗ್ಯಾಸು. ಆ ನೀರು ಕುಡಿದು ಬಸಮ್ಮ ಮೂಗು ಹಿಡಿದುಕೊಂಡರು. “ಇದು ನೀರಲ್ಲ ಗಿರಿಜಕ್ಕ, ಅಜೀರ್ಣ ಆದೋರಿಗೆ ಕೊಡೋದು” ಅಂದರು. ಎರಡು ದಿನ ನಾನು ನನ್ನ ಸ್ಟೀಲ್ ಲೋಟ ಹಿಡಿದುಕೊಂಡು ಕೋಣೆಯ ನಲ್ಲಿಯ ನೀರಿನ ಮೇಲೆ ಬದುಕಿದೆ.

ಉದ್ದ ಬೆಂಚಿನ ಹೋಟೆಲು

ಮೂರನೇ ದಿನ ಮಧ್ಯಾಹ್ನ ಊರೆಲ್ಲ ನಡೆಸಿ, ಗೈಡ್ ಮೇಡಂ ನಮ್ಮನ್ನು ಒಂದು ಹಳೆಯ ಹೋಟೆಲಿಗೆ ಕರೆತಂದರು. ಉದ್ದನೆಯ ಮರದ ಮೇಜು, ಉದ್ದ ಬೆಂಚು; ಗುರುತಿದ್ದವರು ಇಲ್ಲದವರು ಒಂದೇ ಸಾಲಿನಲ್ಲಿ ಮದುವೆ ಊಟದ ಪಂಕ್ತಿಯ ಹಾಗೆ ಕೂರುತ್ತಾರೆ. ಮೇಡಂ ನಮಗೆ ಆಲೂಗಡ್ಡೆ ಹೇಳಲು ಒಳಗೆ ಹೋದರು. ನಾನು ಕೂತು ತಲೆ ಎತ್ತಿದರೆ ಎದುರಿಗೆ ನಮ್ಮ ಅತ್ತೆಯ ಜಗ್ಗು.

ಅದೇ ಬೂದು ಬಣ್ಣ, ಅದೇ ಹೊಟ್ಟೆ, ಅದೇ ನೀಲಿ ಹೂ. ಒಂದಲ್ಲ, ಎಲ್ಲ ಮೇಜಿನ ಮೇಲೂ ಒಂದೊಂದು. ಕೊನೆಗೂ ಧರ್ಮವಂತರ ಹೋಟೆಲು ಸಿಕ್ಕಿತು ಅಂದುಕೊಂಡೆ. ಕಣ್ಣಲ್ಲಿ ನೀರು ಬಂತು. ಆ ಜಗ್ಗಿನಲ್ಲಿ ನೀರಲ್ಲದೆ ಇನ್ನೇನಾದರೂ ಇರಬಹುದು ಅನ್ನುವ ಯೋಚನೆ ನನಗೆ ಹೇಗೆ ಬರಬೇಕು? ಅರವತ್ತು ವರ್ಷ ಲಿಂಗಕ್ಕೆ ಎರೆದ ಜಗ್ಗು ಅದು. ಕೈಚಾಚಿ ಎಳೆದುಕೊಂಡು ಲೋಟಕ್ಕೆ ಬಗ್ಗಿಸಿ, ಎತ್ತಿ ಗಟಗಟ ಕುಡಿದೆ.

ಹುಳಿ. ಹಣ್ಣಾಗದ ಏನನ್ನೋ ನೆನೆಹಾಕಿದ ಹುಳಿ. ಈ ಊರಿನ ನೀರು ಒಂದು ಕಡೆ ಗ್ಯಾಸಿನದು, ಇನ್ನೊಂದು ಕಡೆ ಹುಳಿಯದು ಇರಬೇಕು, ಗ್ಯಾಸಿಗಿಂತ ವಾಸಿ ಅಂದುಕೊಂಡು ಬಸಮ್ಮನಿಗೂ ಹಾಕಿದೆ. ನಮ್ಮವರಿಗೂ ಹಾಕಿದೆ. ರುದ್ರಣ್ಣನವರು ಒಂದು ಲೋಟ ಮುಗಿಸಿ, ಬಹಳ ವಿನಯದಿಂದ ಎರಡನೇ ಸಲ ಲೋಟ ಮುಂದೆ ಮಾಡಿದರು.

ಪಕ್ಕದಲ್ಲಿ ಕೂತಿದ್ದ ಬಿಳಿಗೂದಲಿನ ಅಜ್ಜಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅಷ್ಟರಲ್ಲಿ ಗೈಡ್ ಮೇಡಂ ಬಂದರು. ಬಂದವರು ನಿಂತಲ್ಲೇ ನಿಂತರು.

ಜಗ್ಗು ಆ ಅಜ್ಜಿಯದು, ಆಕೆ ದುಡ್ಡು ಕೊಟ್ಟು ತರಿಸಿಕೊಂಡದ್ದು. ಅದರಲ್ಲಿದ್ದದ್ದು ಸೇಬಿನಿಂದ ಇಳಿಸಿದ ಸಾರಾಯಿಯಂಥದು. ಈ ನೀಲಿ ಹೂವಿನ ಜಗ್ಗನ್ನು ಈ ಊರಿನಲ್ಲಿ ಮಾಡುವುದೇ ಅದನ್ನು ಹಾಕಿ ಕುಡಿಯಲಿಕ್ಕೆ. ಬೇರೆ ಯಾವುದಕ್ಕೂ ಅಲ್ಲ.

ನಾನು ಸೆರಗಿನೊಳಗೆ ಕೈ ಹಾಕಿ ಲಿಂಗ ಹಿಡಿದುಕೊಂಡೆ. ಬಸಮ್ಮ ಬಾಯಿ ತೊಳೆಯಲು ಎದ್ದು ಓಡಿದರು.

“ಹೋಗ್ಲಿ ಬಿಡು” ಅಂದರು ನಮ್ಮವರು. “ತಿಳೀದೆ ಕುಡಿದಿದ್ದು. ತಿಳಿದು ಕುಡಿದೋರು ಪಕ್ಕದಾಗೇ ಕೂತಾರೆ.”

“ನನಗೇನು ಗೊತ್ತು ಯಜಮಾನ್ರೆ” ಅಂದರು ರುದ್ರಣ್ಣ. “ನೀರು ಅಂತ ಅಕ್ಕಾರು ಕೊಟ್ರು. ಹಿರೇರು ಕೊಟ್ಟಿದ್ದು ಒಲ್ಲೆ ಅನ್ನಬಾರದು.”

ಆಗ ನನಗೆ ಚುಚ್ಚಿದ್ದು ನನ್ನ ಹೊಟ್ಟೆಯಲ್ಲಿದ್ದದ್ದಲ್ಲ, ನಮ್ಮ ಮನೆಯ ಅರವತ್ತು ವರ್ಷ. ಸ್ವಾಮಿಗಳ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಬ್ಯಾಗಿನಿಂದ ಕರ್ಚೀಫು ಬಿಚ್ಚಿ ಚೂರನ್ನು ಅಜ್ಜಿಯ ಜಗ್ಗಿನ ಪಕ್ಕ ಇಟ್ಟೆ. ಹೂವಿಗೆ ಹೂ, ಬಣ್ಣಕ್ಕೆ ಬಣ್ಣ ಕೂಡಿತು. ಶಾರದಕ್ಕ ಬಂದು ಉಗುರು ಆಡಿಸಿ, “ಅದೇ ಜಾತಿ, ಅನುಮಾನ ಬ್ಯಾಡ” ಅಂತ ತೀರ್ಪು ಕೊಟ್ಟರು.

ಅಜ್ಜಿಯ ನಗು ನಿಂತಿತು. ಚೂರನ್ನು ಕೈಗೆ ತಗೊಂಡು ಹೂವಿನ ಮೇಲೆ ಬೆರಳಾಡಿಸಿದಳು. ಗೈಡ್ ಮೇಡಂ ಮೂಲಕ ಒಂದೇ ಪ್ರಶ್ನೆ ಕೇಳಿದಳು: ಯಾರು ಒಡೆದದ್ದು?

ನಮ್ಮವರು ಅಜ್ಜಿಯ ಜಗ್ಗಿನ ದುಡ್ಡು ಕೊಡಲು ಒಳಗೆ ಹೋಗಿದ್ದರು. ಅತ್ತೆಗೆ ಹೋಗಿ ಹೇಳುವವರು ಬೇರೆ ಯಾರೂ ಇಲ್ಲದ ಊರು. ನನ್ನ ಭಾಷೆ ತಿಳಿಯದ ಅಜ್ಜಿ. ಇನ್ನು ಎಂದೂ ಕಾಣುವುದಿಲ್ಲ. ನಿಜ ಹೇಳಿದ್ದರೆ ಏನೂ ಕಳೆದುಕೊಳ್ಳುತ್ತಿರಲಿಲ್ಲ.

“ಬೆಕ್ಕು” ಅಂದೆ.

ಆಕೆ ನನ್ನ ಕೈ ನೋಡಿದಳು, ಮುಖ ನೋಡಿದಳು. ಆಮೇಲೆ ಮೇಡಂಗೆ ಏನೋ ಹೇಳಿದಳು. ಶನಿವಾರ ಹೊಳೆದಂಡೆಯಲ್ಲಿ ಹಳೆ ಸಾಮಾನಿನ ಸಂತೆ ಸೇರುತ್ತದೆ, ಅಲ್ಲಿ ಇಂಥವು ಸಿಗುತ್ತವೆ, ಹುಡುಕಲಿ ಅಂದಳಂತೆ. “ಬೆಕ್ಕಿಗೆ ನನ್ನ ನಮಸ್ಕಾರ ಹೇಳಿ ಅಂತಲೂ ಹೇಳಿದ್ದಾರೆ” ಅಂದರು ಮೇಡಂ.

ಆ ರಾತ್ರಿ ಎರಡು ವಿಷಯ ಒಟ್ಟಿಗೆ ಕಾಡಿದವು. ಹೆಂಡದ ಜಗ್ಗು ಅಂತ ತಿಳಿದ ಮೇಲೂ ಅದನ್ನೇ ಕೊಂಡು ಪೂಜೆಯ ಮನೆಗೆ ಒಯ್ಯಬಹುದೇ? ಒಯ್ಯದಿದ್ದರೆ ನಾನು ಯಾವುದನ್ನು ಹಿಡಿದುಕೊಂಡು ನಿಜ ಹೇಳಲಿ? ಬೆಳಿಗ್ಗೆ ಪೂಜೆಗೆ ಕೂತಾಗ ಹೊಳೆಯಿತು. ನಾನೂ ನಿನ್ನೆ ಅದನ್ನೇ ತುಂಬಿಕೊಂಡಿದ್ದೆ. ಲಿಂಗ ನನ್ನ ಕೊರಳು ಬಿಟ್ಟು ಎದ್ದು ಹೋಗಿರಲಿಲ್ಲ. ಹಾಗಾದರೆ ಜಗ್ಗಿಗೂ ಅಷ್ಟು ರಿಯಾಯಿತಿ ಸಿಗಬೇಕು.

ಶನಿವಾರ, ಹೊಳೆದಂಡೆ

ಮೈನ್ ಅನ್ನುವ ಆ ಹೊಳೆ ನಮ್ಮ ತುಂಗಭದ್ರೆಯ ಮುಂದೆ ಶಿಸ್ತಿನ ಕೂಸು; ಕಲ್ಲು ಕಟ್ಟಿಸಿಕೊಂಡು ಹೇಳಿದಲ್ಲಿ ಹರಿಯುತ್ತದೆ. ಅದರ ದಂಡೆಯುದ್ದಕ್ಕೂ ಜನ ತಮ್ಮ ಮನೆಯ ಹಳೆ ಸಾಮಾನು ಹರವಿಕೊಂಡು ಕೂತಿದ್ದರು. ಸತ್ತವರ ಕನ್ನಡಕ, ತಟ್ಟೆ, ಗಡಿಯಾರ, ಯಾರದೋ ಮದುವೆ ಫೋಟೋ. ನಮ್ಮಲ್ಲಿ ಅಟ್ಟದ ಮೇಲೆ ಮುಚ್ಚಿಡುವುದನ್ನು ಇವರು ಬಿಸಿಲಿಗೆ ಇಡುತ್ತಾರೆ.

ಶಾರದಕ್ಕ ಹದಿನೈದನೆಯದನ್ನು ಹತ್ತೇ ನಿಮಿಷದಲ್ಲಿ ಕೊಂಡರು. ತವರದ ಮುಚ್ಚಳ, ಮೈತುಂಬ ಕಾಡುಹಂದಿ ಬೇಟೆಯ ಚಿತ್ರ. ಮೊಟ್ಟೆ ಹಾಕಿದ ಬಿಸ್ಕತ್ತನ್ನೂ ಮುಟ್ಟದ ಮನೆ ಅವರದು.

ನನ್ನ ಜಗ್ಗು ಸಿಕ್ಕಿದ್ದು ಕೊನೆಯ ಸಾಲಿನಲ್ಲಿ, ಟೋಪಿ ಹಾಕಿದ್ದ ಒಬ್ಬ ಮುದುಕನ ಹತ್ತಿರ. ಎರಡು ಇದ್ದವು. ಒಂದರ ಹೂ ನನ್ನ ಚೂರಿಗೆ ಅಚ್ಚೊತ್ತಿದ ಹಾಗಿತ್ತು. ಇನ್ನೊಂದರದ್ದು ಸ್ವಲ್ಪ ದೊಡ್ಡ ಹೂ, ಬಳ್ಳಿ ಎಡಕ್ಕೆ ಬದಲು ಬಲಕ್ಕೆ ತಿರುಗಿತ್ತು. ನಾನು ಮೊದಲಿನದನ್ನು ಎತ್ತಿ, ಕುಂಬಾರರ ಮನೆಯಲ್ಲಿ ಗಡಿಗೆ ತಟ್ಟುವ ಹಾಗೆ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೆ ಹಿಡಿದೆ. ಮುದುಕನ ಎರಡೂ ಕೈ ಗಾಳಿಯಲ್ಲಿ ಎದ್ದವು.

“ತಳ ನೋಡ್ರಿ ಗಿರಿಜಕ್ಕ” ಅಂದರು ಶಾರದಕ್ಕ. “ಹಳೇ ಕಾಲದ ಅಚ್ಚು. ಕಣ್ಣು ಮುಚ್ಕೊಂಡು ತಗೋರಿ.”

ಬಸಮ್ಮ ತಮ್ಮ ಬಾಟಲಿಯ ನೀರನ್ನು ಎರಡು ಜಗ್ಗಿಗೂ ಅರ್ಧರ್ಧ ಸುರಿದರು. ಮುದುಕನ ಪಕ್ಕದಲ್ಲಿದ್ದ ಪೇಪರು ಎಳೆದು ಅದರ ಮೇಲೆ ಎರಡನ್ನೂ ಇಟ್ಟು, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. ಕಾಯುವುದು ಅವರಿಗೆ ಗೊತ್ತಿತ್ತು. ಮುದುಕ ಏನೋ ಅಂದ. ಗೈಡ್ ಮೇಡಂ ಇರಲಿಲ್ಲವಾದ್ದರಿಂದ ಯಾರಿಗೂ ಬೇಜಾರಾಗಲಿಲ್ಲ. ಕೊನೆಗೆ ಅವನೂ ಕುರ್ಚಿ ಎಳೆದುಕೊಂಡು ಪೇಪರನ್ನೇ ನೋಡುತ್ತಾ ಕೂತ.

ಚೂರಿಗೆ ಹೊಂದಿದ ಜಗ್ಗಿನ ಸುತ್ತ ಪೇಪರು ನಿಧಾನವಾಗಿ ಕಪ್ಪಾಯಿತು.

“ಸೋರ್ತೈತೆ” ಅಂದರು ಬಸಮ್ಮ.

“ಸೋರಿದ್ರೇನೀಗ?” ಅಂದರು ಶಾರದಕ್ಕ. “ಟೇಬಲ್ ಮ್ಯಾಲೆ ಇಡಾಕೆ ತಾನೆ? ಹೂವು ನೋಡ್ರಿ, ಹೂವು. ನಿಮ್ಮತ್ತೆ ಫರಕು ಹಿಡಿಯಲ್ಲ, ಥೇಟ್ ಅದೇ ಜಗ್ಗು ಅಂತಾರೆ.”

ಆ ಮಾತು ಒಂದು ಗಳಿಗೆ ಸಿಹಿಯಾಗಿ ಕೇಳಿಸಿತು ಅಂತ ಒಪ್ಪಿಕೊಳ್ಳುತ್ತೇನೆ. ಆದರೆ ಇನ್ನೊಂದು ಸುಳ್ಳು, ಅದೂ ಸೋರುವಂಥದ್ದು, ನನ್ನ ಕೈಯಲ್ಲಿ ಹೊರಲಾಗದು. ಬಳ್ಳಿ ಬಲಕ್ಕೆ ತಿರುಗಿದ್ದನ್ನೇ ಕೊಂಡೆ. ಅತ್ತೆಗೆ ಬೇಕಾದದ್ದು ಹೂವಲ್ಲ, ನೀರು.

ಬರಿದಾದ ಪಾತ್ರೆಯನ್ನು ನಾವು ಯಾರ ಕೈಗೂ ಕೊಡುವುದಿಲ್ಲ, ತಗೊಳ್ಳುವುದೂ ಇಲ್ಲ. ಒಂದು ಹಿಡಿ ಅಕ್ಕಿಯೋ ಸಕ್ಕರೆಯೋ ಇರಬೇಕು. ಜಗ್ಗನ್ನು ಅವನ ಮುಂದೆ ಹಿಡಿದು, ಏನಾದರೂ ಹಾಕು ಅಂತ ಸನ್ನೆ ಮಾಡಿದೆ. ಅವನು ರೇಟು ಇಳಿಸಲು ಕೇಳುತ್ತಿದ್ದೇನೆ ಅಂದುಕೊಂಡು ತಲೆ ಅಲ್ಲಾಡಿಸಿದ. ನಾನು ಒಳಗೆ ಬೆರಳು ತೋರಿಸಿದೆ. ಅವನು ನೀರು ಒರೆಸಲು ಬಟ್ಟೆ ತಂದ. ನಾನು ತಿನ್ನುವ ಸನ್ನೆ ಮಾಡಿದೆ. ಪಾಪ, ಹಸಿದಿದ್ದಾಳೆ ಅಂದುಕೊಂಡಿರಬೇಕು. ತನ್ನ ಊಟದ ಡಬ್ಬಿಯಿಂದ ಒಂದು ಸೇಬು ತೆಗೆದು ಒಳಗೆ ಬಿಟ್ಟ. ಆ ಜಗ್ಗಿಗೆ ಸೇಬು ಬಿಟ್ಟು ಬೇರೆ ಹಣೆಬರಹ ಇದ್ದಂತಿಲ್ಲ. ಕೈಮುಗಿದು ತಗೊಂಡೆ. ಮರಳುವಾಗ ವಿಮಾನದಲ್ಲಿ ಊಟದ ಜೊತೆ ಕೊಟ್ಟ ಚಾಕುವಿನಿಂದ ಆ ಸೇಬನ್ನು ಏಳು ಹೋಳು ಮಾಡಿ ಎಲ್ಲರಿಗೂ ಕೊಟ್ಟೆ. ರುದ್ರಣ್ಣ, “ಇದಕ್ಕೆ ಆ ರುಚಿ ಇಲ್ಲ ಬಿಡ್ರಿ ಅಕ್ಕಾರೆ” ಅಂದರು.

ಮತ್ತೆ ಹೊನ್ನಾಳಿ

ಮನೆ ತಲುಪಿದಾಗ ಊಟದ ಹೊತ್ತು. ಅತ್ತೆ ಕುರ್ಚಿಯ ಮೇಲೆ ಕಾಲು ಮಡಿಚಿ ಕೂತಿದ್ದರು. ಬೆಕ್ಕು ಕಿಟಕಿಯಲ್ಲಿತ್ತು. ನಾನು ಸೀರೆಗಳ ನಡುವಿನಿಂದ ಜಗ್ಗು ತೆಗೆದು ಅವರ ಮುಂದಿಟ್ಟೆ.

ಅತ್ತೆ ತಳ ನೋಡಲಿಲ್ಲ. ಗೆಣ್ಣಿನಿಂದ ತಟ್ಟಿದರು. ಆಮೇಲೆ ಬಾಯಿಗೆ ಮೂಗಿಟ್ಟು ಮೂಸಿದರು.

“ಸೇಬಿನ ವಾಸನೆ.”

“ಸಂತೆಯವನು ಬರಿದು ಕೊಡಬಾರದು ಅಂತ ಸೇಬು ಹಾಕಿ ಕೊಟ್ಟ, ಅತ್ತೆ.” ಇದರಲ್ಲಿ ಸುಳ್ಳು ಇರಲಿಲ್ಲ.

“ಹಳೇದೂ ತಂದಾಗ ಹಿಂಗೇ ವಾಸನೆ ಹೊಡೀತಿತ್ತು. ಎಂಟು ದಿನ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ್ದೆ. ಆ ಸಾಹೇಬ ಇದ್ರಾಗೆ ಸೇಬು ಇಡ್ತಿದ್ದ ಕಾಣ್ತೈತೆ ಅಂದಿದ್ರು ನಮ್ಮ ಮಾವ.” ಅತ್ತೆ ನನ್ನ ಮುಖ ನೋಡಿದರು. “ಇಡ್ತಿದ್ನೇನು?”

“ಇಡ್ತಿದ್ದ ಕಾಣುತ್ತೆ, ಅತ್ತೆ” ಅಂದೆ. ಒಂದೇ ದಿನ ಎರಡು ತಪ್ಪು ಒಪ್ಪಿಕೊಳ್ಳುವಷ್ಟು ದೊಡ್ಡ ಎದೆ ದೇವರು ನನಗೆ ಕೊಟ್ಟಿಲ್ಲ. ಇದ್ದ ಧೈರ್ಯವನ್ನು ಇನ್ನೊಂದಕ್ಕೆ ಉಳಿಸಿಕೊಂಡು, ಕರ್ಚೀಫು ಬಿಚ್ಚಿ ಚೂರನ್ನು ಜಗ್ಗಿನ ಪಕ್ಕ ಇಟ್ಟೆ. ನಮ್ಮವರೂ ಅಲ್ಲೇ ಕೂತಿದ್ದರು.

“ಅತ್ತೆ, ಅವತ್ತು ಜಗ್ಗು ಒಡೆದದ್ದು ಬೆಕ್ಕಲ್ಲ. ನಾನು.”

ನಮ್ಮವರ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ. ವಿಮಾನ ನಿಲ್ದಾಣ ನೆನಪಾಗಿರಬೇಕು.

ಅತ್ತೆ ಚೂರನ್ನು ತಿರುಗಿಸಿ ನೋಡಿದರು.

“ಜಗ್ಗು ಒಡೆಯಾಕೆ ಬೆಕ್ಕಿಗೆ ಬರ್ತೈತೆ. ಒಡೆದ ಚೂರು ಸೀರೆ ತುಂಡಿನಾಗೆ ಗಂಟು ಕಟ್ಟಿ ಅಕ್ಕಿ ಡ್ರಮ್ಮಿನ ಹಿಂದೆ ಇಡಾಕೆ ಬರ್ತೈತೇನು?”

“ಮತ್ತೆ ಎರಡು ವರ್ಷ ಬೆಕ್ಕನ್ನ ಬೈದಿರಲ್ಲ?”

“ನೀನೇ ಬಾಯಿಬಿಟ್ಟು ಹೇಳ್ಲಿ ಅಂತ ಬೈದೆ. ಅದಕ್ಕೇನು, ಹಿತ್ತಲಾಗೆ ದಿನಾ ಹಾಲು ಹಾಕ್ತಿದ್ದೆ. ನೀನು ಊರಿಗೆ ಹೋದ ಮರುದಿನ ಗಂಟು ಬಿಚ್ಚಿ ನೋಡಿದೆ. ಒಂದು ಚೂರು ಕಮ್ಮಿ ಇತ್ತು. ಆಯ್ತು, ಈ ಸಲ ಹೇಳಾಕೇ ಹೋಗ್ಯಾಳೆ ಅಂದ್ಕೊಂಡೆ.”

ಹೊಸ ಜಗ್ಗನ್ನು ತೊಳೆದು ನೀರು ತುಂಬಿ ತಂದಿಟ್ಟೆ. ಅತ್ತೆ ಲೋಟಕ್ಕೆ ಬಗ್ಗಿಸಿಕೊಂಡು, ಎತ್ತಿ ಪೂರ್ತಿ ಕುಡಿದರು. ಸೆರಗಿನಿಂದ ಬಾಯಿ ಒರೆಸಿಕೊಂಡರು.

“ತಣ್ಣಗೈತೆ” ಅಂದರು. ಲೋಟ ಕೆಳಗಿಟ್ಟು, “ಆದ್ರೂ ಆ ಜಗ್ಗಿನ ನೀರೇ ಬ್ಯಾರೆ. ಹಾಳು ಸೊಸೆ” ಅಂದರು.

ಬೆಕ್ಕು ಕಿಟಕಿಯಿಂದ ಇಳಿದು ಹಿತ್ತಲ ಕಡೆ ಹೋಯಿತು.